ಗಲ್ಲಾದಲ್ಲಿ ಕೂರುವ ಮುಖ

ವಸಂತಕುಮಾರನಿಗೆ ಹೇಸಿಗೆ ಎಂಬುದು ಮೂಗಿನ ತುದಿಯಲ್ಲೇ ಇರುತ್ತಿತ್ತು. ಮುಂಬಯಿ ಹತ್ತಿರದ ಡೊಂಬಿವಲಿ ಸ್ಟೇಷನ್ನಿನ ಪೂರ್ವಕ್ಕೆ, ರಿಕ್ಷಾ ಸ್ಟ್ಯಾಂಡಿನ ಎದುರಿಗೆ ಅವನ ಹೋಟೆಲು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ ಮೇಜು ಒರೆಸುವ ಬಟ್ಟೆಗಳನ್ನು ಒಂದೊಂದಾಗಿ ಮೂಗಿಗೆ ಹಿಡಿದು ನೋಡುವ ಆಸಾಮಿ ಅವನು. ಸೌಟಿನ ಹಿಡಿಯಲ್ಲಿ ಜಿಡ್ಡು ಸಿಕ್ಕಿದರೆ ಅಡುಗೆ ಭಟ್ಟರಿಗೂ ಬಿಡುಗಡೆಯಿಲ್ಲ. ಸಪ್ಲೈಯರ್ ತಲೆ ಕೆರೆದುಕೊಂಡರೆ ಕೈ ತೊಳೆದು ಬಾ ಎಂದು ಅಲ್ಲಿಂದಲೇ ಅಟ್ಟುತ್ತಿದ್ದ. ಜನ ಉಡುಪಿ ಹೋಟೆಲಿಗೆ ಬರುವುದು ಚೊಕ್ಕತನ ನಂಬಿ, ರುಚಿ ಆಮೇಲಿನದು ಎಂದು ಅವನ ವಾದ. ಇಂಥವನ ಒಬ್ಬನೇ ಮಗ ಮುಖಕ್ಕೆ ಬಣ್ಣ ಬಳಿದುಕೊಳ್ಳಲು ಶುರುಮಾಡಿದರೆ ಹೇಗಾಗಬೇಡ, ನೀವೇ ಹೇಳಿ.

ಮಗ ಸಮಿತ್ ಖಾರಘರದಲ್ಲಿ ಆಫೀಸಿನ ಕೆಲಸದಲ್ಲಿದ್ದವನು. ಅಪ್ಪನ ಮೊಣಕಾಲು ಕೈಕೊಟ್ಟದ್ದು ಕಂಡು, ಯಾರೂ ಕೇಳದೆ ತಾನಾಗಿಯೇ ಕೆಲಸ ಬಿಟ್ಟು ಬಂದು ಗಲ್ಲಾದಲ್ಲಿ ಕೂತಿದ್ದ. ಈ ಕಾಲದಲ್ಲಿ ಯಾರ ಮಗ ಹೀಗೆ ಬರುತ್ತಾನೆ ಎಂದು ವಸಂತಕುಮಾರ ಹೋಟೆಲಿನವರ ಸಂಘದ ಸಭೆಯಲ್ಲಿ ನಾಲ್ಕು ಜನರ ಎದುರು ಹೇಳಿಕೊಂಡು ಬೀಗಿದ್ದೂ ಆಗಿತ್ತು. ಬರುವ ದೀಪಾವಳಿಗೆ ಲಕ್ಷ್ಮೀಪೂಜೆ ಮಾಡಿಸಿ ಹೋಟೆಲನ್ನು ಮಗನ ಹೆಸರಿಗೇ ಮಾಡಿಬಿಡುವುದೆಂದು ಗಂಡಹೆಂಡತಿ ಮಾತಾಡಿಕೊಂಡಿದ್ದರು. ಆ ಮಾತಾಗಿ ವಾರ ಕಳೆಯುವುದರೊಳಗೆ ಈ ವಾಸನೆ ಶುರುವಾಯಿತು.

ಏನೋ ಒಂದು ಸಿಹಿಸಿಹಿ, ಜಿಡ್ಡುಜಿಡ್ಡು ವಾಸನೆ. ಫಿಲ್ಟರಿನಿಂದ ಇಳಿಯುವ ಡಿಕಾಕ್ಷನ್ನಿನ ಘಮವನ್ನೂ ಹಿಂದಕ್ಕೆ ತಳ್ಳಿ ಮೂಗಿಗೆ ಬಡಿಯುತ್ತಿತ್ತು. ಹತ್ತಿರ ಹೋಗಿ ನೋಡಿದರೆ ಮಗನ ಮುಖ ಸುಣ್ಣ ಹೊಡೆದು ಅದರ ಮೇಲೆ ಬಣ್ಣ ಕೊಟ್ಟ ಗೋಡೆಯ ಹಾಗಿತ್ತು. ಕಿವಿಯ ಹತ್ತಿರ ಒಂದು ಬಣ್ಣ, ಕೆನ್ನೆಗೆ ಇನ್ನೊಂದು. ಗಲ್ಲಾದ ಗಾಜಿನ ಮೇಲೆಲ್ಲ ಬೆರಳಿನ ಎಣ್ಣೆಗುರುತು. ವಸಂತಕುಮಾರ ಬಟ್ಟೆ ತಂದು ಗಾಜನ್ನು ತಾನೇ ಉಜ್ಜಿದ.

ಮನೆಗೆ ಹೋಗಿ ಬಚ್ಚಲಿನ ಕಪಾಟು ತೆರೆದ. ಮುಖ ತೊಳೆಯುವುದಕ್ಕೆ ಒಂದು, ತೊಳೆದ ಮೇಲೆ ತಟ್ಟಿಕೊಳ್ಳುವ ನೀರಿನಂಥದು ಒಂದು, ಚರ್ಮ ಮೆತ್ತಗಾಗುವುದಕ್ಕೆ ಒಂದು, ಬಿಸಿಲು ತಡೆಯುವ ಸನ್‌ಸ್ಕ್ರೀನ್, ಕೊನೆಗೆ ಮೈಬಣ್ಣದ ಒಂದು ಗಟ್ಟಿ ಲೇಪ. ಆ ಲೇಪಕ್ಕೆ ಬೆರಳು ತಾಗಿಸಿದವನು ಥೂ ಎಂದು ಗೋಡೆಗೇ ಒರೆಸಿದ.

"ಎಂಥದಿದು ಜಯಾ? ನಿನ್ನದಾ?"

ಹೆಂಡತಿ ಜಯಲತಾ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಲಿಲ್ಲ. "ಅವನದ್ದು. ಬಿಸಿಲಿಗೆ ಹಚ್ಚಲಿಕ್ಕೆ ಡಾಕ್ಟರು ಹೇಳಿದ್ದಂತೆ."

"ಗಲ್ಲಾದಲ್ಲಿ ಕೂರುವವನಿಗೆ ಎಂಥ ಬಿಸಿಲು ಮಾರಾಯ್ತಿ?"

"ಬೆಳಿಗ್ಗೆ ಬಾಗಿಲಿಂದ ನೇರ ಮುಖಕ್ಕೇ ಬೀಳ್ತದಲ್ಲ. ನೀವು ಅವನನ್ನು ಸುಮ್ಮನೆ ಬಿಡಿ."

ಅವಳ ದನಿಯಲ್ಲಿ ಏನೋ ಅಡಗಿತ್ತು. ಅದನ್ನು ಕೇಳಿಸಿಕೊಳ್ಳುವ ವ್ಯವಧಾನ ಇವನಿಗೆಲ್ಲಿ. ಮಗನನ್ನು ಕರೆದು ಕೇಳಿದರೆ, "ಪಪ್ಪಾ, ಆಜ್‌ಕಲ್ ಸಬ್ ಲಗಾತೇ ಹೈಂ" ಎಂದು ಮೊಬೈಲು ನೋಡುತ್ತ ಒಳಗೆ ಹೋದ. ಎಲ್ಲರೂ ಹಚ್ಚುತ್ತಾರಂತೆ. ಎಲ್ಲರೂ ಹೋಟೆಲು ಇಟ್ಟಿದ್ದಾರಾ ಎಂದು ಅಪ್ಪ ಗೊಣಗಿದ್ದು ಬಾಗಿಲಿಗೇ ಕೇಳಿಸಿರಬೇಕು.

ಆ ಭಾನುವಾರ ಬೆಳಿಗ್ಗೆ ಸಮಿತ್ ಬಚ್ಚಲು ಸೇರಿ ಹೊರಗೆ ಬರಲೇ ಇಲ್ಲ. ವಸಂತಕುಮಾರ ಬಾಗಿಲು ಗುದ್ದಿದ.

"ಹೊರಡು, ಜನ ಬಂದಾಯ್ತು. ಮದುಮಗಳ ಹಾಗೆ ಎಷ್ಟು ಹೊತ್ತು ಬಳಿಯುವುದು?"

"ಒಂದು ಒಣಗಬೇಕು ಪಪ್ಪಾ, ಆಮೇಲೆ ಇನ್ನೊಂದು. ಇಲ್ಲಾಂದ್ರೆ ನಿಲ್ಲುವುದಿಲ್ಲ ಅದು."

"ಒಣಗುವುದೂ ಬೇಡ, ಮಣ್ಣೂ ಬೇಡ. ಬಾ ಹೊರಗೆ."

ಹುಡುಗ ಹಸಿಯ ಮೇಲೆ ಹಸಿ ಮೆತ್ತಿಕೊಂಡು ಅಪ್ಪನ ಸ್ಕೂಟರಿನ ಹಿಂದೆ ಕೂತ.

ಮೇ ತಿಂಗಳು. ಹೋಟೆಲಿನಲ್ಲಿ ಕಾಲಿಡಲು ಜಾಗವಿಲ್ಲ, ಸಾಲದ್ದಕ್ಕೆ ಕರೆಂಟೂ ಹೋಯಿತು. ಬಾಗಿಲಿನ ಬಿಸಿಲು ಸಮಿತನ ಮುಖಕ್ಕೆ ಹೊಡೆಯುತ್ತಿತ್ತು. ಬೆವರು ಇಳಿಯಿತು. ಬೆವರಿನ ಜೊತೆ ಮುಖವೂ ಇಳಿಯತೊಡಗಿತು ಅನ್ನಿ. ಅವನು ಕರವಸ್ತ್ರದಿಂದ ಮೆಲ್ಲಗೆ ಒತ್ತಿಕೊಂಡಷ್ಟೂ ಬಣ್ಣ ಸಣ್ಣಸಣ್ಣ ಸುರುಳಿಯಾಗಿ, ಮೈ ತಿಕ್ಕುವಾಗ ಏಳುವ ಮಣ್ಣಿನ ಹಾಗೆ ಉದುರುತ್ತಿತ್ತು. ಅಂಗಿಯ ಕಾಲರಿಗೆ ಬಿತ್ತು, ಬಿಲ್ಲಿನ ಮೇಲೆ ಬಿತ್ತು. ಎದುರಿಗೆ ಸೋಂಪಿನ ತಟ್ಟೆ ಇತ್ತು. ಅದರೊಳಗೂ ಬಿತ್ತು.

ಪ್ರತಿ ಭಾನುವಾರ ಹೆಂಡತಿಯನ್ನು ಕರೆದುಕೊಂಡು ಇಡ್ಲಿಗೆ ಬರುವ ಕುಲಕರ್ಣಿಯವರು ಚಮಚದಲ್ಲಿ ಸೋಂಪು ತೆಗೆದವರು ಹಾಗೇ ನಿಂತರು. ಚಮಚವನ್ನು ಬೆಳಕಿಗೆ ಹಿಡಿದರು. ಸೋಂಪಿನ ನಡುವೆ ಮೈಬಣ್ಣದ ಹುಳದಂಥ ಒಂದು ಸುರುಳಿ.

"ಹೇ ಕಾಯ್ ಆಹೇ, ಶೇಟ್?" ಎಂದು ವಸಂತಕುಮಾರನ ಕಡೆ ಚಮಚ ಚಾಚಿದರು. ಇದೇನು ಎಂದು ಕೇಳಿದ್ದಷ್ಟೇ. ಕುಲಕರ್ಣಿಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡು ರಸ್ತೆಗೆ ಇಳಿದುಬಿಟ್ಟರು.

ವಸಂತಕುಮಾರನ ಪಿತ್ತ ನೆತ್ತಿಗೇರಿತು. ಇಷ್ಟು ವರ್ಷ ಬಟ್ಟೆ ಮೂಸಿ, ಸೌಟು ಮುಟ್ಟಿ ಕಾಪಾಡಿಕೊಂಡು ಬಂದ ಮಾನ ಒಂದು ಚಮಚದಲ್ಲಿ ಹೋಯಿತು. ಮಗನ ರಟ್ಟೆ ಹಿಡಿದು ಎಬ್ಬಿಸಿ, ಒಳಗೆ ಕೈ ತೊಳೆಯುವ ಬೇಸಿನ್ನಿನ ಹತ್ತಿರ ಎಳೆದುಕೊಂಡು ಹೋದ. ಪಪ್ಪಾ ಬೇಡ, ಪಪ್ಪಾ ಇಲ್ಲಿ ಬೇಡ ಎಂದು ಸಮಿತ್ ಮುಖ ತಿರುಗಿಸುತ್ತಿದ್ದ. ಇವನು ಕೇಳಲಿಲ್ಲ. ಒದ್ದೆ ಬಟ್ಟೆಯಿಂದ, ಮೇಜು ಉಜ್ಜಿದ ಹಾಗೆ ಆ ಮುಖವನ್ನು ಉಜ್ಜಿದ. ಬಟ್ಟೆಗೆ ಕಂದು ಕೆಸರು ಬಂತು, ಅದರಡಿಯಿಂದ ಬಿಳಿ ಜಿಡ್ಡು ಬಂತು. ಬಿಳಿ ಹೋಗಲಿಲ್ಲ. ಇನ್ನೂ ಉಜ್ಜಿದ. ಆಗಲೂ ಹೋಗಲಿಲ್ಲ.

ಬಾಯಿಯ ಎರಡೂ ಮೂಲೆಯಿಂದ ಗದ್ದದವರೆಗೆ, ಮತ್ತೆ ಎಡಗಣ್ಣಿನ ರೆಪ್ಪೆಯ ಮೇಲೆ, ಬಿಳಿ ಕಲೆ. ಕ್ರೀಮಲ್ಲ, ಚರ್ಮವೇ ಬಿಳಿ.

ತೊನ್ನು.

ಬಟ್ಟೆ ಕೈಯಿಂದ ಬಿತ್ತು. ಆಮೇಲೆ ಮಾಡಿದ್ದನ್ನು ವಸಂತಕುಮಾರ ಬೇಕೆಂದು ಮಾಡಲಿಲ್ಲ. ಅವನ ಕೈಗಳು ತಾವಾಗಿಯೇ ನಲ್ಲಿಯ ಕೆಳಗೆ ಹೋದವು. ಸಾಬೂನು ಹಾಕಿ, ಬೆರಳ ಸಂದಿ ಬಿಡದೆ, ಮೊಣಕೈವರೆಗೆ ತೊಳೆದುಕೊಂಡ. ತಲೆಯೆತ್ತಿದಾಗ ಬೇಸಿನ್ನಿನ ಕನ್ನಡಿಯಲ್ಲಿ ಮಗ ಅವನನ್ನೇ ನೋಡುತ್ತಿದ್ದ.

"ಅದು ಅಂಟುವುದಿಲ್ಲ ಪಪ್ಪಾ," ಎಂದ ಸಮಿತ್. ದನಿ ಏರಿರಲಿಲ್ಲ. "ಥಾಣೆಯ ಚರ್ಮದ ಡಾಕ್ಟರು ಹೇಳಿದ್ದಾರೆ. ಬಿಸಿಲಿಗೆ ಆ ಜಾಗ ಸುಡ್ತದೆ, ಅದಕ್ಕೆ ಸನ್‌ಸ್ಕ್ರೀನ್. ಅದರ ಮೇಲಿನ ಬಣ್ಣ ಹೋಟೆಲಿಗೆ ಬರುವವರಿಗಾಗಿ. ನಿಮಗಾಗಿ ಕೂಡ."

"ನನಗೆ ಯಾಕೆ ಹೇಳ್ಲಿಲ್ಲ?"

"ದಯಾನಂದಣ್ಣನಿಗೆ ಏನು ಮಾಡಿದ್ರಿ ನೀವು?"

ದಯಾನಂದ ಹಿಂದೆ ಈ ಹೋಟೆಲಿನಲ್ಲಿದ್ದ ಕಾರ್ಕಳ ಕಡೆಯ ಸಪ್ಲೈಯರ್. ಆರು ಪ್ಲೇಟು ಒಂದೇ ಕೈಯಲ್ಲಿ ಎತ್ತಿಕೊಂಡು ನಗುನಗುತ್ತ ಓಡಾಡುತ್ತಿದ್ದವನು. ಅವನ ಬೆರಳ ತುದಿ ಬಿಳಿಯಾದಾಗ ಗಿರಾಕಿಗಳು ಯಾರೂ ಏನೂ ಅಂದಿರಲಿಲ್ಲ. ಅನ್ನುವ ಮೊದಲೇ ವಸಂತಕುಮಾರ ಅವನನ್ನು ಹಿಂದೆ ಮೋರಿಗೆ, ಎಂಜಲು ತಟ್ಟೆ ತೊಳೆಯುವಲ್ಲಿಗೆ ಕಳಿಸಿದ್ದ. ಎರಡು ಮಳೆಗಾಲ ನೀರಿನಲ್ಲಿ ಕೂತು, ಒಂದು ದಿನ ಹೇಳದೆ ಊರಿಗೆ ಹೋದ. ಶಾಲೆ ಬಿಟ್ಟು ಹೋಟೆಲಿಗೆ ಬರುತ್ತಿದ್ದ ಸಮಿತ್ ಅವನ ಪಕ್ಕದಲ್ಲೇ ಕೂತು ಮಾತಾಡುತ್ತಿದ್ದ.

"ಅವನು ಬೇರೆ, ನೀನು ಬೇರೆ ಮಾರಾಯ," ವಸಂತಕುಮಾರ ದನಿ ತಗ್ಗಿಸಿ ಸುತ್ತ ನೋಡಿದ. ಯಾರಾದರೂ ಕಂಡರೇ ಎಂಬ ಭಯ ಆಗಲೇ ಹಿಡಿದಿತ್ತು. "ಕ್ರೀಮು ತಂದಿದ್ದೀಯಲ್ಲ? ಸ್ಟೋರ್ ರೂಮಿಗೆ ಹೋಗಿ ಹಚ್ಚಿಕೋ. ನಿಧಾನಕ್ಕೆ ಹಚ್ಚು, ಒಣಗಲಿ. ಫ್ಯಾನು ತರಿಸ್ತೇನೆ. ದಪ್ಪ ಹಚ್ಚು."

ಗಳಿಗೆಯ ಹಿಂದೆ ಅದನ್ನೇ ಹೊಲಸಿನಂತೆ ಉಜ್ಜಿ ತೆಗೆದವನು ಇವನೇ ನೋಡಿ.

ಸಮಿತ್ ಹಿಂದಕ್ಕೆ ನಡೆದ. ಸ್ಟೋರ್ ರೂಮಿಗೆ ಹೋದನೆಂದು ನೆಮ್ಮದಿಯಾಗಿ ವಸಂತಕುಮಾರ ಗಲ್ಲಾಕ್ಕೆ ಬಂದು ಸೋಂಪಿನ ತಟ್ಟೆ ಬಕೆಟಿಗೆ ಸುರಿದ. ಅಷ್ಟರಲ್ಲಿ ಒಳಗಿನಿಂದ ಪಾತ್ರೆ ತೊಳೆಯುವ ಮರಗಮ್ಮ ಬಂದಳು. "ಶೇಟ್ರೇ, ಸಣ್ಣ ಶೇಟ್ರು ನನ್ನ ಎಬ್ಬಿಸ್ಯಾರ್ರೀ. ನಾ ಎಲ್ಲಿ ಕುಂಡ್ರಲಿ?" ಅಂದಳು.

ಹೋಗಿ ನೋಡಿದರೆ ಪ್ಯಾಂಟು ಮಡಚಿ, ಮೋರಿಯ ಮಣೆಯ ಮೇಲೆ ಕೂತು ಸಮಿತ್ ಎಂಜಲು ತಟ್ಟೆ ತೊಳೆಯುತ್ತಿದ್ದ. ನೀರು ಹೋಗುವ ಕಿಂಡಿಯ ಹತ್ತಿರ ಚಟ್ನಿ, ಕೊಳೆತ ನಿಂಬೆಹೋಳು, ಯಾರೋ ಅಗಿದು ಉಗಿದ ಕರಿಬೇವು. ಅಡುಗೆಯವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಮಗನ ಮುಖಕ್ಕೆ ಯಾವ ಬಣ್ಣವೂ ಇರಲಿಲ್ಲ.

"ಏಳು. ಎಂಥ ನಾಟಕ ಇದು? ಗಲ್ಲಾ ಖಾಲಿ ಉಂಟು, ಬಾ."

ಸಮಿತ್ ಕೈಯಲ್ಲಿದ್ದ ತಟ್ಟೆಯನ್ನು ತೊಳೆದು ಕೆಳಗಿಟ್ಟು ತಲೆಯೆತ್ತಿದ. "ಬರ್ತೇನೆ ಪಪ್ಪಾ. ಹೀಗೇ ಬರ್ಬೇಕಾ, ಹಚ್ಚಿಕೊಂಡು ಬರ್ಬೇಕಾ? ಅದೊಂದು ಹೇಳಿ."

ಹೀಗೇ ಬಾ ಎಂದು ಹೇಳಬೇಕೆಂದು ವಸಂತಕುಮಾರನಿಗೆ ನಿಜಕ್ಕೂ ಅನ್ನಿಸಿತು. ಎರಡೇ ಮಾತು, ಅಷ್ಟು ಹೇಳಿದರೆ ಮಗ ಎದ್ದು ಬರುತ್ತಾನೆ ಎಂದೂ ಗೊತ್ತಿತ್ತು. ಬಾಯಿ ತೆರೆದ. ಅಷ್ಟರಲ್ಲಿ ಮಗನ ಬಾಯಿಯ ಮೂಲೆಯ ಬಿಳುಪು ಕಂಡಿತು, ಹೊರಗಿನ ಮೇಜುಗಳ ಗದ್ದಲ ಕೇಳಿಸಿತು.

"ಹಚ್ಚಿಕೊಂಡೇ ಬಾ," ಅಂದ.

ಸಮಿತ್ ಗೊತ್ತಿತ್ತು ಎಂಬ ಹಾಗೆ ಒಂದು ಸಲ ತಲೆಯಾಡಿಸಿದ. ಆಮೇಲೆ ಕೈ ನೀಡಿ ಇನ್ನೊಂದು ಎಂಜಲು ತಟ್ಟೆ ಎಳೆದುಕೊಂಡ. ವಸಂತಕುಮಾರನಿಗೆ ಹೇಸಿಗೆಯಾಯಿತು. ಅಂಥ ಹೇಸಿಗೆ ಅವನಿಗೆ ಹುಟ್ಟಿದಂದಿನಿಂದ ಯಾರ ಮೇಲೂ ಆಗಿರಲಿಲ್ಲ, ಮತ್ತು ಅದು ತನ್ನ ಮೇಲೆಯೇ ಎಂದು ಅವನಿಗೆ ತಿಳಿದಿತ್ತು.