ನಲವತ್ತೊಂದು ನಗು

ಇಪ್ಪತ್ತಮೂರನೆಯ ನಗುವಿಗೆ ಗುಂಡಿ ಒತ್ತಿದಾಗ ತನ್ನ ಮೊಣಕಾಲುಗಳು ಎದೆಮಟ್ಟಕ್ಕೆ ಬಂದಿರುವುದು ಸದಾನಂದನ ಗಮನಕ್ಕೆ ಬಂತು. ಕುರ್ಚಿ ಮತ್ತೆ ಇಳಿದಿತ್ತು.

ಅವನು ಗಡಿಬಿಡಿ ಮಾಡಲಿಲ್ಲ. ಎಡಗೈಯಿಂದ ಸೀಟಿನಡಿಯ ಹಿಡಿ ಎಳೆದು, ಕುಂಡೆಯನ್ನು ತುಸು ಎತ್ತಿ, ಕುರ್ಚಿ ಮೇಲೆ ಬಂದ ಮೇಲೆ ಮತ್ತೆ ಕುಳಿತ. ಮುಖದಲ್ಲಿ ಏನನ್ನೂ ಕಾಣಗೊಡಲಿಲ್ಲ. ಹುಬ್ಬು ಮಾತ್ರ ಏರಿತು. ಅದು ಅವನ ಕೈಯಲ್ಲಿರಲಿಲ್ಲ. ಎದುರಿಗಿದ್ದ ಇಪ್ಪತ್ತೆರಡು ಮಂದಿ ಗೊಳ್ಳೆಂದು ನಕ್ಕರು.

ಇಪ್ಪತ್ತನಾಲ್ಕು. ಗುಂಡಿ ಒತ್ತಿದ.

ಎಣಿಸುವವನು ಚಿತ್ರ ನೋಡಬಾರದು ಎಂಬುದು ಕಂಪೆನಿಯ ನಿಯಮ. ನೋಡಿದರೆ ತಾನೂ ನಗುತ್ತಾನೆ, ಲೆಕ್ಕ ತಪ್ಪುತ್ತದೆ. ಆದ್ದರಿಂದ ಪರದೆಗೆ ಬೆನ್ನು ಹಾಕಿ, ಪಕ್ಕದ ಮೂಲೆಯಲ್ಲಿ, ಜನರಿಗೆ ಮುಖ ಮಾಡಿ ಕೂರಬೇಕು. ಹಾಳೆ ಕಾಣಲೆಂದು ಒಂದು ಪುಟ್ಟ ದೀಪ. ಅದರ ಬೆಳಕಿಗೆ ಎದುರಿನ ಮುಖಗಳು ಕಾಣುವುದಿಲ್ಲ, ಕಿವಿಯಿಂದಲೇ ಲೆಕ್ಕ. ಕತ್ತಲ ಕೋಣೆಯಲ್ಲಿ ಬೆಳಕಿದ್ದದ್ದು ಎರಡೇ ಕಡೆ: ಪರದೆಯ ಮೇಲೆ ಮತ್ತು ಸದಾನಂದನ ಮೇಲೆ. ಈ ಎರಡನೆಯದನ್ನು ಅವನು ಹನ್ನೊಂದು ವರ್ಷಗಳಲ್ಲಿ ಒಮ್ಮೆಯೂ ಯೋಚಿಸಿರಲಿಲ್ಲ.

ಕಂಪೆನಿ ಹೊರದೇಶಗಳ ಮಕ್ಕಳ ಚಿತ್ರಗಳನ್ನು ಕೊಲ್ಲಿಯ ಚಾನೆಲ್‌ಗಳಿಗೆ ಮಾರುತ್ತಿತ್ತು. ಈಗ ಬಂದಿದ್ದದ್ದು ಮಿಸ್ಟರ್ ಪಂಬ್ಲೋ ಎಂಬ ಜೇಡಿಮಣ್ಣಿನ ಬೊಂಬೆಯ ಬ್ರಿಟಿಷ್ ಹಾಸ್ಯ. ಹನ್ನೊಂದು ನಿಮಿಷ, ಒಂದೂ ಮಾತಿಲ್ಲ. ಜಿನುಗು ಮಳೆಯಲ್ಲಿ ಪಂಬ್ಲೋ ಸಮುದ್ರತೀರದಲ್ಲಿ ಮಡಚುವ ಕುರ್ಚಿ ಹಾಕಿಕೊಂಡು ಚಹಾ ಕುಡಿಯುತ್ತಾನೆ. ಕುರ್ಚಿ ಅವನನ್ನು ಮಡಚುತ್ತದೆ. ಅವನು ಏನೂ ಆಗಿಲ್ಲವೆಂಬಂತೆ ಚಹಾ ಕುಡಿಯುತ್ತಲೇ ಇರುತ್ತಾನೆ.

ಕೊಳ್ಳುವವರ ಪ್ರಶ್ನೆ ಸರಳ. ಇಂಗ್ಲೆಂಡಿನ ಮಳೆ, ಇಂಗ್ಲೆಂಡಿನ ಚಹಾ. ಇಲ್ಲಿ ಕೊಲ್ಲಿಯ ಮಂಗಫ್ ಊರಿನ ಜನ ಯಾಕೆ ನಗಬೇಕು? ಉತ್ತರ ಕೊಡಬೇಕಾದವನು ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಸದಾನಂದ. ಚಿತ್ರ ಮಾರಾಟವಾದರೆ ಅವನ ವಾಸದ ಪರವಾನಗಿ, ಇಕಾಮಾ, ಎರಡು ವರ್ಷಕ್ಕೆ ನವೀಕರಣ. ಆಗದಿದ್ದರೆ ಸಂಶೋಧನಾ ವಿಭಾಗ ಮುಚ್ಚುತ್ತದೆ. ವಿಭಾಗ ಎಂದರೆ ಅವನೇ.

ಶುಕ್ರವಾರ ರಜೆ. ರಿಫೈನರಿಯವರ ಸಂಸಾರಗಳನ್ನು ಮಂಗಫ್‌ನಿಂದ ಬಸ್ಸಿನಲ್ಲಿ ಕರೆತಂದಿದ್ದರು. ಮಲಯಾಳಿಗಳು, ಈಜಿಪ್ಟಿನವರು, ಒಬ್ಬ ಫಿಲಿಪಿನೊ ನರ್ಸ್. ಎರಡು ತಲೆ ಕಡಿಮೆ ಬಿತ್ತೆಂದು ಸದಾನಂದ ಹೆಂಡತಿ ಉಮಾವತಿಯನ್ನೂ ಮಗಳು ದೀಕ್ಷಿತಾಳನ್ನೂ ಮೂರನೆಯ ಸಾಲಿನಲ್ಲಿ ಕೂರಿಸಿದ್ದ.

ಚಿತ್ರ ಮುಗಿದಾಗ ಲೆಕ್ಕ ನಲವತ್ತೊಂದು. ಇಲ್ಲಿಯವರೆಗಿನ ದಾಖಲೆ ಹತ್ತೊಂಬತ್ತು.

ಜನ ಹೊರಡುವಾಗ ಫಿಲಿಪಿನೊ ನರ್ಸ್ ಅವನ ಕೈ ಕುಲುಕಿದಳು. ಅದು ಅವನಿಗೆ ಸ್ವಲ್ಪ ಅತಿಯೆನಿಸಿತು.

ಪ್ರೊಜೆಕ್ಟರ್ ನೋಡಿಕೊಳ್ಳುವ ರೋಕ್ ಮಂಗಳೂರಿನವನು. ಗುಂಡಿ ಒತ್ತಿದ ಸಮಯಗಳ ಪಟ್ಟಿ ಹಿಡಿದು ಬಂದ.

“ಸದಾನಂದರೇ, ಒಂಬತ್ತನೇ ಸೆಕೆಂಡಿಗೆ ಎಂತ ನಗು ಮಾರಾಯ್ರೆ?”

“ಶುರುವಿನ ದೃಶ್ಯ ಇರ್ಬೇಕು.”

“ಬರೀ ಸಮುದ್ರ ಉಂಟು ಅಲ್ಲಿ.”

“ಬ್ರಿಟಿಷ್ ಹಾಸ್ಯ ಸ್ವಲ್ಪ ಸೂಕ್ಷ್ಮ ರೋಕ್.”

“ಅಲೆ ಸಹ ಇಲ್ಲ. ಮತ್ತೆ ಕೊನೆಗೆ ಹೆಸರು ಬರುವಾಗ ಹನ್ನೊಂದು ಸರ್ತಿ ನಗಾಡಿದ್ದಾರೆ. ಹೆಸರು ಓದಿ ಯಾರು ನಗಾಡ್ತಾರೆ?”

ರೋಕ್ ಪಕ್ಕದ ಗೋಡೆಯ ಕ್ಯಾಮೆರಾದಲ್ಲಿ ದಾಖಲಾಗಿದ್ದನ್ನು ಕಂಪ್ಯೂಟರಿನಲ್ಲಿ ಹಾಕಿದ.

ಪರದೆಯ ಮೇಲೆ ಬೋಳುತಲೆಯ ಬೊಂಬೆ. ಪಕ್ಕದ ಮೂಲೆಯಲ್ಲಿ, ಪುಟ್ಟ ದೀಪದ ಕೆಳಗೆ ಇನ್ನೊಬ್ಬ. ಅವನು ಗಂಭೀರವಾಗಿ ಕುಳಿತೇ ಕೆಳಗಿಳಿಯುತ್ತಾನೆ. ಗಲ್ಲ ಮೇಜಿಗೆ ತಾಗುವಾಗ ಹುಬ್ಬು ಏರುತ್ತದೆ. ಕುಂಡೆ ಎತ್ತುತ್ತಾನೆ, ಮೇಲೇರುತ್ತಾನೆ, ಜನ ನಗುತ್ತಾರೆ, ಅವನು ಅದನ್ನು ಶ್ರದ್ಧೆಯಿಂದ ಬರೆದುಕೊಳ್ಳುತ್ತಾನೆ. ಬರೆದುಕೊಂಡದ್ದಕ್ಕೆ ಜನ ಇನ್ನೂ ನಗುತ್ತಾರೆ. ಅದನ್ನೂ ಬರೆದುಕೊಳ್ಳುತ್ತಾನೆ.

ಸದಾನಂದನ ಗಂಟಲಿನಿಂದ ನಗು ಹೊರಟೇಬಿಟ್ಟಿತ್ತು. ಎಷ್ಟೋ ವರ್ಷಗಳ ಮೇಲೆ ಬಂದ ನಗು. ಆ ಬಡಪಾಯಿಯ ಅಂಗಿ ತನ್ನದೆಂದು ಅರ್ಧದಲ್ಲಿ ಗೊತ್ತಾಗಿ ಅದು ಕೆಮ್ಮಾಯಿತು.

ಮೂರನೆಯ ಸಾಲಿನಲ್ಲಿ ದೀಕ್ಷಿತಾ ಹೊಟ್ಟೆ ಹಿಡಿದುಕೊಂಡಿದ್ದಳು. ಉಮಾವತಿಯ ಬಾಯಿಗೆ ಶಾಲು ಅಡ್ಡವಿತ್ತು, ಭುಜ ಕುಲುಕುತ್ತಿತ್ತು. ಮನೆಯಲ್ಲಿ ಮೂವರೂ ಮೂರು ಫೋನು ಹಿಡಿದು ಕೂರುವವರು. ಇಬ್ಬರೂ ಒಟ್ಟಿಗೆ ನಕ್ಕದ್ದನ್ನು ಅವನು ನೋಡಿದ್ದು ಹೀಗೆ, ಕ್ಯಾಮೆರಾದಲ್ಲಿ.

“ಚಿತ್ರಕ್ಕೆ ಹತ್ತು,” ಎಂದ ರೋಕ್. “ಉಳಿದದ್ದು...” ಅವನು ಸೀಲಿಂಗ್ ಫ್ಯಾನ್ ನೋಡಿದ.

ಹೊರಗೆ ಸೋಫಾದಲ್ಲಿ ಇಬ್ಬರೂ ಅವನಿಗಾಗಿ ಕಾದಿದ್ದರು.

“ಎಂತಕ್ಕೆ ಅಷ್ಟು ನಗಾಡಿದ್ದು ನೀನು?”

“ದ ಕ್ಲೇ ಮ್ಯಾನ್, ಪಪ್ಪಾ. ಹಿ ಈಸ್ ಸೋ ಫನ್ನಿ.” ದೀಕ್ಷಿತಾ ತಾಯಿಯ ಮುಖ ನೋಡಿದಳು.

“ಹೌದು, ಬೊಂಬೆ ಚಂದ ಉಂಟು,” ಎಂದಳು ಉಮಾವತಿ. “ಪಾಪ.”

ಎರಡು ಗಂಟೆಗೆ ಜುಮಾ ನಮಾಜು ಮುಗಿಸಿ ಮ್ಯಾನೇಜರ್ ಅಬ್ದುಲ್ ಲತೀಫ್ ಬಂದರು. ಉಳ್ಳಾಲದವರು, ಅತ್ತರಿನ ವಾಸನೆ ಅವರಿಗಿಂತ ಮೊದಲೇ ಒಳಗೆ ಬಂತು.

“ನಲವತ್ತೊಂದು! ಮಾಶಾ ಅಲ್ಲಾಹ್! ಕೊಳ್ಳುವವರಿಗೆ ಹೇಳಿ ಆಯ್ತು.”

“ಸರ್, ಅದ್ರಲ್ಲಿ ಒಂದು ತಿದ್ದುಪಡಿ ಉಂಟು.”

“ಎಂತದ್ದು?”

“ಕುರ್ಚಿ ಸ್ವಲ್ಪ...”

“ಹೊಸ ಕುರ್ಚಿಯಾ? ಬೇಡ.” ಅಬ್ದುಲ್ ಲತೀಫ್ ಮುಖ ತಿರುಗಿಸಿ ಮೂಗು ಒರೆಸಿಕೊಂಡರು. “ಮುಂದಿನ ಶುಕ್ರವಾರ ಅವರೇ ನೋಡ್ಲಿಕ್ಕೆ ಬರ್ತಾರೆ. ಎಲ್ಲ ಹೀಗೇ ಇರ್ಲಿ. ಲೈಟು, ಕುರ್ಚಿ, ನೀವು. ಒಂದನ್ನೂ ಮುಟ್ಬೇಡಿ.”

“ಆದ್ರೆ ಸರ್, ಆ ಲೆಕ್ಕ—”

“ನಿಮ್ಮ ಇಕಾಮಾ ಕಾಗದ ನನ್ನ ಮೇಜಿನ ಮೇಲೆ ಉಂಟು. ಇವರು ಯಾಕೆ ನಗ್ತಾರೆ ಅಂತ ಒಂದು ಪ್ಯಾರಾ ಬರೀರಿ, ನಾನು ಸೈನ್ ಹಾಕ್ತೇನೆ. ಖಲಾಸ್.”

ಅವರ ಕೋಣೆಯ ಬಾಗಿಲು ಮುಚ್ಚಿದ ಮೇಲೆ ಒಳಗಿನಿಂದ ಕ್ಯಾಮೆರಾದ ದಾಖಲೆಯ ಸದ್ದು ಕೇಳಿಸಿತು. ಇಪ್ಪತ್ತೆರಡು ಮಂದಿಯ ನಗು. ಆಮೇಲೆ ಇಪ್ಪತ್ತಮೂರನೆಯವರದು.

ಸದಾನಂದ ಅದೇ ಕುರ್ಚಿಯನ್ನು ತನ್ನ ಮೇಜಿಗೆ ಎಳೆದು ತಂದ. ಬೇರೆ ಕುರ್ಚಿ ಇರಲಿಲ್ಲ.

ಬರೆಯಲು ಅವನಿಗೆ ವಿಷಯಕ್ಕೆ ಕೊರತೆಯಿರಲಿಲ್ಲ. ಬೊಂಬೆ ತಾನಾಗಿ ಕದಲುವುದಿಲ್ಲ, ಸೆಕೆಂಡಿಗೆ ಹನ್ನೆರಡು ಸಲ ಯಾರೋ ಬಂದು ಅದನ್ನು ಕೂದಲೆಳೆಯಷ್ಟು ಸರಿಸಿ ಹೋಗುತ್ತಾರೆ ಎಂದು ಬರೆದ. ಸರಿಸುವ ಕೈ ಚಿತ್ರದಲ್ಲಿ ಬರುವುದಿಲ್ಲ. ಕೆನ್ನೆಯ ಮೇಲೆ ಬೆರಳಿನ ಗುರುತು ಉಳಿದಿರುತ್ತದೆ. ಅದನ್ನು ಒರೆಸದೆ ಬಿಡುತ್ತಾರೆ. ಒಳ್ಳೆಯ ವಾಕ್ಯಗಳು. ಅಳಿಸಿದ. ‘ಈ ಪ್ರದೇಶದ ವೀಕ್ಷಕರಿಗೆ ಪಾತ್ರ ಪರಿಚಿತ’ ಎಂದು ಬರೆದ. ಅದನ್ನು ಹಾಗೇ ಇಟ್ಟ.

ತಲೆಯೆತ್ತಿದ. ಗಾಜಿನ ಗೋಡೆಯ ಆಚೆ ದೀಕ್ಷಿತಾ ನಿಂತಿದ್ದಳು. ಗಾಜಿನ ಕೆಳಭಾಗ ಮಬ್ಬು. ಸೊಂಟದಿಂದ ಮೇಲೆ ಕಾಣುತ್ತಿದ್ದಳು.

ಒಂದು ಸಾಲು ಬರೆದು ನೋಡಿದ. ಭುಜದಿಂದ ಮೇಲೆ.

ಇನ್ನೊಂದು ಸಾಲು. ಕಣ್ಣುಗಳು ಮಾತ್ರ. ಅವಳು ಕದಲಿರಲಿಲ್ಲ. ಅವನೂ ಕದಲಿರಲಿಲ್ಲ. ಇಳಿಯುತ್ತಿದ್ದದ್ದು ಕುರ್ಚಿ. ಎಡಗೈ ಹಿಡಿಯ ಹತ್ತಿರವೇ ಇತ್ತು. ಎಳೆಯಲಿಲ್ಲ.

ಕೊನೆಗೆ ಗಾಜಿನ ಮೇಲೆ ಉಳಿದದ್ದು ಎತ್ತಿ ಹಿಡಿದ ಒಂದು ಪುಟ್ಟ ಕೈ, ಕೈಯಲ್ಲಿ ಫೋನು. ಮೊಣಕಾಲು ಎದೆಗೆ ತಾಗಿತು. ಸದಾನಂದನ ಹುಬ್ಬು ಏರಿತು.

ಆಚೆಯಿಂದ ನಗು ಕೇಳಿಸಿತು.

ಮೇಜಿನ ಮೇಲಿದ್ದ ಗುಂಡಿಯನ್ನು ಅವನ ಹೆಬ್ಬೆರಳು ತಾನಾಗಿ ಹುಡುಕಿಕೊಂಡಿತು. ನಲವತ್ತೆರಡು.