ನೀರು ಕುಡಿದ ಕೆಂಪು

ವಾಸಂತಿ ಹನ್ನೊಂದು ವರ್ಷದಿಂದ ಅದೇ ಪಾಠ ಮಾಡುತ್ತಿದ್ದಳು. ಹಾಸನದವಳು, ಗಂಡ ನಾರಾಯಣಸ್ವಾಮಿಯ ಬ್ಯಾಂಕ್ ಕೆಲಸದ ಹಿಂದೆ ವಿಜಯವಾಡಕ್ಕೆ ಬಂದು, ಅಲ್ಲಿನ ಪಿಯುಸಿಯಾದ ಇಂಟರ್‌ನ ಒಂದು ಖಾಸಗಿ ಕಾಲೇಜಿನಲ್ಲಿ ಫಿಸಿಕ್ಸ್ ಲೆಕ್ಚರರ್ ಆಗಿದ್ದಳು. ಜೂನ್‌ನಲ್ಲಿ ಅವನಿಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಕಾಲೇಜು ಶುರುವಾದ ಮೇಲೆ ಕ್ಲಾಸಿನ ಮಕ್ಕಳನ್ನು ಬಿಟ್ಟು ಹೋಗಲಾರೆ ಎಂದು ಇವಳು ವಿಜಯವಾಡದ ಪಟಮಟದ ಮನೆಯಲ್ಲೇ ಉಳಿದಳು.

ಆ ದಿನ ಬೆಳಕಿನ ಚದುರುವಿಕೆಯ ಪಾಠ. ಕಡಲಿನ ನೀಲಿ ಬರೀ ಆಕಾಶದ ಪ್ರತಿಬಿಂಬ ಎಂದು ಇಂಗ್ಲಿಷ್ ವಿಜ್ಞಾನಿ ರೇಲೀ ಹೇಳಿದ್ದನ್ನೂ, ರಾಮನ್ ಹಡಗಿನ ಮೇಲೆ ನಿಂತು ಪುಟ್ಟ ಪ್ರಿಸಂನಿಂದ ಆ ಪ್ರತಿಬಿಂಬವನ್ನು ಅಳಿಸಿ ನೋಡಿದಾಗ ನೀಲಿ ಹಾಗೇ ಇದ್ದದ್ದನ್ನೂ ಹೇಳಿದಳು. "ನೀರೇ ಬೆಳಕನ್ನು ಚದುರಿಸುತ್ತೆ. ಅದಕ್ಕೇ ನೀಲಿ" ಎಂದು ಮುಗಿಸಿದಳು.

ಹಿಂದಿನ ಬೆಂಚಿನಿಂದ ಹೇಮಾಕ್ಷಿ ಎದ್ದು ನಿಂತಳು. ಎಂದೂ ಬಾಯಿ ಬಿಡದ ಹುಡುಗಿ.

"ಮೇಡಂ, ನನ್ನ ಬಾಟಲಿ ನೀರಿಗೆ ಯಾಕೆ ಬಣ್ಣ ಇಲ್ಲ?"

"ಅಷ್ಟು ನೀರು ಸಾಲದಮ್ಮ. ಆಳ ಬೇಕು."

"ಎಷ್ಟು ಆಳ?"

ಕ್ಲಾಸಿನಲ್ಲಿ ಕಿಸಕ್ಕನೆ ನಗು. "ಅದು ಸಿಲಬಸ್‌ನಲ್ಲಿಲ್ಲ, ಕೂತ್ಕೋ" ಎಂದು ವಾಸಂತಿ ಬೋರ್ಡ್ ಒರೆಸಿದಳು.

ಆದರೆ ಬಸ್ಸಿನಲ್ಲೂ ಆ ಪ್ರಶ್ನೆ ಬಿಡಲಿಲ್ಲ. ಅಡುಗೆಮನೆಯಲ್ಲಿ ಸಾರು ಉಕ್ಕಿ ಒಲೆ ಆರಿಹೋಯಿತು. ಫೋನಿನಲ್ಲಿ ಹುಡುಕಿದರೆ ಹತ್ತು ಉತ್ತರ ಸಿಕ್ಕವು, ಒಂದಕ್ಕೊಂದು ಜಗಳವಾಡುವಂಥವು. ಹನ್ನೊಂದು ವರ್ಷ ತಾನೂ ನೋಡದೇ ಹೇಳಿದವಳು. ಕೂತರೆ ಏಳಬೇಕು, ಎದ್ದರೆ ಕೂರಬೇಕು ಅನ್ನಿಸುವ ಚಡಪಡಿಕೆ.

ಶನಿವಾರ ವಿಶಾಖಪಟ್ಟಣದ ರೈಲು ಹತ್ತಿದಳು. ನಾರಾಯಣಸ್ವಾಮಿ ಸ್ಟೇಷನ್ನಿಗೇ ಬಂದಿದ್ದ. ಮರುದಿನ ಬೆಳಿಗ್ಗೆ ಬೀಚಿನಲ್ಲಿ ಅವಳು ಅವನ ಮೂಗಿನ ಮೇಲಿದ್ದ, ಪ್ರತಿಫಲನ ತಡೆಯುವ ಪೋಲರಾಯ್ಡ್ ಕನ್ನಡಕವನ್ನು ಕಿತ್ತುಕೊಂಡು, ಅದನ್ನು ಅಡ್ಡ, ಉದ್ದ ತಿರುಗಿಸುತ್ತ ನೀರನ್ನು ನೋಡತೊಡಗಿದಳು. ಹೊಳಪು ಮಾಯವಾಯಿತು. ದೂರದ ನೀಲಿ ಕಡಿಮೆಯಾಗುವ ಬದಲು ಗಾಢವಾಯಿತು.

"ನನ್ನ ನೋಡೋಕೆ ಬಂದೆ ಅಂದ್ಕೊಂಡಿದ್ದೆ" ಎಂದ ಅವನು.

"ನಿಮ್ಮನ್ನೂ ನೋಡ್ತೀನಿ ರೀ. ಇಲ್ಲಿ ನೋಡಿ, ರಾಮನ್ ಹೇಳಿದ್ದು ನಿಜ. ಪ್ರತಿಬಿಂಬ ಅಲ್ಲ."

"ಅದು ಪುಸ್ತಕದಲ್ಲೇ ಇತ್ತಲ್ಲ?"

"ಪುಸ್ತಕದಲ್ಲಿತ್ತು. ನನ್ನ ಕಣ್ಣಲ್ಲಿರಲಿಲ್ಲ."

ಇಲ್ಲಿಗೇ ಬಂದುಬಿಡು ಎಂದು ಹೇಳಲು ಬಂದವನು ಆ ಮಾತನ್ನು ನುಂಗಿಕೊಂಡನೆಂದು ಅವಳಿಗೆ ಗೊತ್ತಾಯಿತು. ಗೊತ್ತಾಗದವಳಂತೆ ಕನ್ನಡಕ ಹಿಂದಿರುಗಿಸಿದಳು.

ಮುಂದಿನ ವಾರ ಅವಳು ಲಾರಿ ರಿಪೇರಿ ಅಂಗಡಿಗಳ ಬಡಾವಣೆ ಆಟೋನಗರ್‌ಗೆ ಹೋಗಿ ಇಪ್ಪತ್ತಡಿ ಉದ್ದದ ಎರಡಿಂಚಿನ ಪ್ಲಾಸ್ಟಿಕ್ ಪೈಪ್ ಕೊಂಡಳು. ಎರಡೂ ತುದಿಗೆ ಗಾಜು ಹಾಕಿಸಿ, ನೀರು ಹೊಯ್ಯಲು ಮೇಲೊಂದು ತೂತು ಮಾಡಿಸಿದಳು. ಮೊದಲು ನಲ್ಲಿಯ ನೀರು ತುಂಬಿದಳು. ಇಣುಕಿದರೆ ಚಹಾದಂತೆ ಕಂದು. ಮತ್ತೆ ಆಟೋನಗರ್. ಅಲ್ಲಿ ಬ್ಯಾಟರಿ ಅಂಗಡಿ ನಡೆಸುವ ಕನಕದುರ್ಗಳ ಬಳಿ ಡಿಸ್ಟಿಲ್ಡ್ ವಾಟರ್ ಮೂರು ಕ್ಯಾನು ಕೇಳಿದಳು.

"ಎಷ್ಟು ಲಾರಿ ಇವೆಯಮ್ಮಾ ನಿಮಗೆ?" ಎಂದಳು ಕನಕದುರ್ಗ.

"ಒಂದೂ ಇಲ್ಲ. ನೀರಿಗೆ ಬಣ್ಣ ಇದೆಯಾ ಅಂತ ನೋಡ್ಬೇಕು."

ಕನಕದುರ್ಗ ಅವಳನ್ನು ಒಮ್ಮೆ ನೋಡಿ, "ನೋಡಿ ಬಂದು ನನಗೂ ಹೇಳಿ" ಎಂದು ಕ್ಯಾನುಗಳನ್ನು ಆಟೋಗೆ ಹತ್ತಿಸಿದಳು.

ಭಾನುವಾರ ಮಧ್ಯಾಹ್ನ, ತಾರಸಿ. ಒಂದು ತುದಿಯಲ್ಲಿ ಬಿಸಿಲಿಗೆ ಬಿಳಿ ಬಟ್ಟೆ ಕಟ್ಟಿ, ಇನ್ನೊಂದು ತುದಿಗೆ ಕಣ್ಣಿಟ್ಟಳು. ಖಾಲಿ ಪೈಪಿನಲ್ಲಿ ಬಟ್ಟೆ ಬೆಳ್ಳಗಿತ್ತು. ನೀರು ತುಂಬಿದಳು. ನೀಲಿಯೆಲ್ಲ ಪಕ್ಕಕ್ಕೆ ಚದುರಿಹೋದರೆ ನೇರ ಬರುವ ಬೆಳಕು ಸಂಜೆಯ ಸೂರ್ಯನಂತೆ ಕೆಂಪಗಿರಬೇಕು. ಅವಳು ಕೆಂಪಿಗೆ ಕಾದಿದ್ದಳು.

ಕಂಡದ್ದು ತಿಳಿನೀಲಿ.

ಕಣ್ಣುಜ್ಜಿ ಮತ್ತೆ ನೋಡಿದಳು. ನೀಲಿಯೇ. ಅಂದರೆ ದಾರಿಯುದ್ದಕ್ಕೂ ನೀರು ಕೆಂಪನ್ನು ಕುಡಿಯುತ್ತಿತ್ತು. ತಾನು ಇಷ್ಟು ಬ್ಯಾಚಿಗೆ ಹೇಳಿದ್ದು ಅರ್ಧ ಸತ್ಯ!

ಸೋಮವಾರ ಕ್ಲಾಸಿನಲ್ಲಿ, "ಎರಡು ವಾರದ ಹಿಂದೆ ನಾನು ಹೇಳಿದ್ದು ಪೂರ್ತಿ ಅಲ್ಲ" ಎಂದು ಎಲ್ಲವನ್ನೂ ವಿವರಿಸಿದಳು. ಮಧ್ಯಾಹ್ನವೇ ಡೀನ್ ಜಗನ್ಮೋಹನ್ ಕರೆಸಿದರು.

"ವಾಸಂತಿಗಾರು, ಪರೀಕ್ಷೆಯ ಆನ್ಸರ್ ಕೀಯಲ್ಲಿ ಉತ್ತರ 'ಚದುರುವಿಕೆ'. ಮಕ್ಕಳು ನಿಮ್ಮ ಪೈಪು ನಂಬಿ ಬೇರೆ ಗುರುತು ಹಾಕಿದರೆ?"

"ಕೀಯಲ್ಲಿ ಏನಿದೆ ಅಂತಾನೂ ಹೇಳಿದ್ದೀನಿ ಸರ್. ನಿಜ ಏನು ಅಂತಾನೂ ಹೇಳಿದ್ದೀನಿ."

"ನಮ್ಮಲ್ಲಿ ಎರಡು ಉತ್ತರಕ್ಕೆ ಟೈಮ್ ಇಲ್ಲಮ್ಮ."

ಸೀನಿಯರ್ ಬ್ಯಾಚು ಕೈತಪ್ಪಿತು. ಅವಳನ್ನು ಮೊದಲ ವರ್ಷದ ಮಕ್ಕಳಿಗೆ ಹಾಕಿದರು. ಹನ್ನೊಂದು ವರ್ಷದ ಹೆಸರು ಒಂದೇ ಮಧ್ಯಾಹ್ನದಲ್ಲಿ ಇಳಿದಂತಾಗಿ ಅವಳಿಗೆ ಎರಡು ದಿನ ಊಟ ಸೇರಲಿಲ್ಲ.

ಮೂರನೆಯ ದಿನ ಸಂಜೆ ಹೇಮಾಕ್ಷಿ ತಾಯಿಯನ್ನು ಕರೆದುಕೊಂಡು ಮನೆಗೇ ಬಂದಳು. ತಾರಸಿ ಹತ್ತಿ ಪೈಪಿನೊಳಗೆ ಬಹಳ ಹೊತ್ತು ಇಣುಕಿದಳು. "ಚೆಂದ ಇದೆ" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು.

"ಮೇಡಂ, ಕೆಂಪು ಕಳಕೊಂಡ ಬೆಳಕು ಕೆಳಗೆ ಹೋಗುತ್ತೆ. ಸಮುದ್ರದ ತಳ ಕಾಣಲ್ಲ. ಹಾಗಾದ್ರೆ ಆ ನೀಲಿಯನ್ನ ಮೇಲಕ್ಕೆ ವಾಪಸ್ ಕಳಿಸೋದು ಯಾರು?"

ವಾಸಂತಿ ಪೈಪಿನ ಕಡೆ ತಿರುಗಿದಳು. ಚದುರದೆ ಬೆಳಕು ತಿರುಗಿ ಬರುವುದು ಹೇಗೆ? ರಾಮನ್ ಹೇಳಿದ್ದೂ ಬೇಕು, ಪೈಪು ಹೇಳಿದ್ದೂ ಬೇಕು. ಎಷ್ಟು ಪಾಲು ಅದು, ಎಷ್ಟು ಪಾಲು ಇದು?

"ಗೊತ್ತಿಲ್ಲಮ್ಮ" ಎಂದಳು. ಹನ್ನೊಂದು ವರ್ಷದಲ್ಲಿ ಯಾವ ವಿದ್ಯಾರ್ಥಿಗೂ ಹೇಳದ ಮಾತು. ಹೇಳಿದ ಮೇಲೆ ಎದೆ ಹಗುರಾಯಿತು, ತಲೆ ಮಾತ್ರ ಇನ್ನಷ್ಟು ಬಿಸಿಯಾಯಿತು.

ಏಪ್ರಿಲ್‌ನಲ್ಲಿ ಪರೀಕ್ಷೆ ಮುಗಿದೊಡನೆ ಅವಳು ಕಾಲೇಜು ಬಿಟ್ಟು ವಿಶಾಖಪಟ್ಟಣಕ್ಕೆ ಸಾಮಾನು ಸಾಗಿಸಿದಳು. ನಾರಾಯಣಸ್ವಾಮಿಗೆ ಖುಷಿ. ಆದರೆ ಮೊದಲ ರಜೆಯ ದಿನವೇ ಅವಳು ಅವನನ್ನು ಮೀನುಗಾರರ ದೋಣಿಯೊಂದಕ್ಕೆ ಹತ್ತಿಸಿದಳು. ಕಡಲು ಕಡುನೀಲಿಯಾದ ಕಡೆ ದೋಣಿ ನಿಂತಿತು. ಎಷ್ಟು ಆಳದಿಂದ ಬೆಳಕು ತಿರುಗಿ ಬರುತ್ತದೆಂದು ನೋಡಲು ಅವಳು ಬಿಳಿ ಬಣ್ಣ ಬಳಿದ ಕಬ್ಬಿಣದ ತಟ್ಟೆಗೆ ಮೀಟರಿಗೊಂದು ಗಂಟಿನ ಹಗ್ಗ ಕಟ್ಟಿ ನೀರಿಗೆ ಬಿಟ್ಟು, ಹಗ್ಗವನ್ನು ಅವನ ಕೈಗೆ ಕೊಟ್ಟಳು. ಅವನು ವಾಂತಿ ತಡೆಯುತ್ತ ಒಂದೊಂದೇ ಗಂಟು ಎಣಿಸಿ ಬಿಟ್ಟ.

"ಹತ್ತು... ಹನ್ನೊಂದು... ಇನ್ನೂ ಕಾಣ್ತಿದೆಯಾ?"

"ನೀಲಿಯಾಗಿ ಕಾಣ್ತಿದೆ. ಬಿಡಿ, ಇನ್ನೂ ಬಿಡಿ."

ಅವನು ಇನ್ನೊಂದು ಗಂಟು ಬಿಟ್ಟ.