ಕೆಡವಪ್ಪನ ಸೇತುವೆ

ಯುದ್ಧ ನಡೆಯುತ್ತಿದ್ದಾಗ ಸೇನೆಯ ಇಂಜಿನಿಯರೊಬ್ಬ ಕಟ್ಟಿದ ಸೇತುವೆಗಳ ಪ್ರತಿ ಕಂಬದಲ್ಲೂ ಒಂದು ಗೂಡು ಇರುತ್ತಿತ್ತು. ದೀಪ ಇಡಲಿಕ್ಕಲ್ಲ, ಸಿಡಿಮದ್ದು ತುಂಬಲಿಕ್ಕೆ. ನಮ್ಮವರು ದಾಟಿದ ಮೇಲೆ ಶತ್ರು ದಾಟಬಾರದು, ಅದಕ್ಕಾಗಿ ಕಟ್ಟುವಾಗಲೇ ಕೆಡವುವ ಜಾಗ ಬಿಟ್ಟಿರಬೇಕು ಎಂಬುದು ಸೇನೆಯ ಕಟ್ಟಳೆ. ಬೆವರು ಸುರಿಸಿ ಕಟ್ಟಿದ್ದನ್ನು ತಾನೇ ಉಡಾಯಿಸಿ, ತಲೆಯ ಧೂಳು ಕೊಡವಿಕೊಂಡು ಮುಂದಿನ ಹೊಳೆಗೆ ಹೊರಡುವುದು ಅವನ ಉದ್ಯೋಗ. ಸೈನಿಕರು ಪ್ರೀತಿಯಿಂದ ಅವನಿಗೆ ಕೆಡವಪ್ಪ ಎಂದು ಹೆಸರಿಟ್ಟಿದ್ದರು.

ಯುದ್ಧ ಮುಗಿದು ಕೆಡವಪ್ಪ ಪುರಸಭೆಗೆ ಸೇರಿದ. ಊರ ಹೊಳೆಗೆ ಕಲ್ಲಿನ ಸೇತುವೆ ಬೇಕಿತ್ತು, ತರಕಾರಿ ಗಾಡಿಗಳು, ಶಾಲೆಯ ಮಕ್ಕಳು ಓಡಾಡುವಂಥದ್ದು. ಅವನು ಶಿಳ್ಳೆ ಹಾಕುತ್ತ ನಕ್ಷೆ ಬರೆದ. ಕೈ ತನ್ನ ಪಾಡಿಗೆ ತಾನು ನಾಲ್ಕು ಕಂಬಕ್ಕೂ ಗೂಡು ಬರೆದುಬಿಟ್ಟಿತು.

“ಇದ್ಯಾಕೆ ಸಾರ್, ಕಂಬದಲ್ಲಿ ಪೊಳ್ಳು?” ಎಂದು ಮೇಸ್ತ್ರಿ ಕೇಳಿದಾಗಲೇ ಅವನಿಗೆ ಅರಿವಾದದ್ದು. ಅಷ್ಟರಲ್ಲಿ ಕಂಬಗಳು ಎದ್ದು ನಿಂತಿದ್ದವು.

“ಗಾಳಿಯಾಡಲಿ ಅಂತ,” ಎಂದ.

ಮೇಸ್ತ್ರಿ ಕಂಬವನ್ನು ನೋಡಿದ, ಸಾಹೇಬರನ್ನು ನೋಡಿದ. ಕಲ್ಲಿಗೂ ಸೆಖೆಯಾಗುವ ಕಾಲ ಬಂತಲ್ಲ ಎಂದುಕೊಂಡು ಕೆಲಸಕ್ಕೆ ಮರಳಿದ.

ಉದ್ಘಾಟನೆಗೆ ಎರಡು ದಿನ ಇದ್ದಾಗ ಹೆಂಡತಿ ಬುತ್ತಿ ತಂದಳು. ಡೇರೆಗಳಲ್ಲಿ ಅವನ ಜೊತೆ ಸಂಸಾರ ಮಾಡಿದವಳು. ಗಾಳಿಯ ಕತೆ ಅವಳ ಹತ್ತಿರ ನಡೆಯಲಿಲ್ಲ.

“ನನ್ನ ಮಗಳೇ ಮೊದಲು ದಾಟೋದು ಅಂತ ಊರೆಲ್ಲ ಹೇಳ್ಕೊಂಡು ಬಂದಿದ್ದೀರಿ. ಬೀಳೋಕೇ ಅಂತ ಕಟ್ಟಿದ್ದರ ಮೇಲೆ ಅವಳು ಕಾಲಿಡಲ್ಲ. ಮುಚ್ಚಿಸಿ.”

“ಮದ್ದೆಲ್ಲಿದೆಯೇ? ಬರೀ ಗೂಡು.”

“ಹಾಗಾದ್ರೆ ಮುಚ್ಚೋಕೇನು ಧಾಡಿ?”

ಅದೇ ಅವನಿಗೂ ತಿಳಿಯದ್ದು. ಒಂದಷ್ಟು ಕಲ್ಲು, ನಾಲ್ಕಾರು ಬಾಂಡ್ಲಿ ಗಾರೆ, ಅಷ್ಟೇ. ಆದರೆ ಮೇಸ್ತ್ರಿಗೆ ಹೇಳಲು ಬಾಯಿ ತೆರೆದಾಗಲೆಲ್ಲ, ಮತ್ತೆ ಶತ್ರು ಬಂದರೆ ಎಂಬ ಯೋಚನೆ ತಡೆಯುತ್ತಿತ್ತು.

ಸಂಜೆ ಮನೆಯಲ್ಲಿ, ಉರುಳಿಹೋದ ಪೆನ್ಸಿಲ್ ಹುಡುಕುತ್ತ ಮಂಚದಡಿ ತೂರಿದವನ ಕೈಗೆ ತಗಡಿನ ಟ್ರಂಕು ತಗುಲಿತು. ಎಳೆದು ತೆರೆದ. ಅವನ ಹಳೆಯ ಕೋಟು, ಅವಳ ಬಟ್ಟೆ, ಮೇಣದ ಬತ್ತಿಗಳು, ಎಲ್ಲದರ ಮೇಲೆ ಎರಡು ವರ್ಷದ ಮಗುವಿನ ಫ್ರಾಕು. ಮಗಳಿಗೀಗ ಒಂಬತ್ತು.

“ಏನಿದು?”

ಅವಳ ಮುಖ ಕೆಂಪಾಯಿತು. “ಸೈರನ್ ಕೂಗಿದ್ರೆ ಕೈಗೆ ಸಿಗ್ಲಿ ಅಂತ.”

“ಆ ಸೈರನ್ನನ್ನ ಗುಜರಿಗೆ ಹಾಕಿ ಯಾವ ಕಾಲ ಆಯ್ತು!”

“ಹೋಗ್ಲಿ ಬಿಡಿ. ಗಾಳಿಯಾಡಲಿ ಅಂತ ಇಟ್ಟಿದ್ದೀನಿ, ಸರೀನಾ?”

ಇಬ್ಬರೂ ನೆಲದ ಮೇಲೆ ಕೂತು ಹೊಟ್ಟೆ ಹುಣ್ಣಾಗುವಷ್ಟು ನಕ್ಕರು. ನಗುನಗುತ್ತಲೇ ಅವಳ ಕಾಲು ಟ್ರಂಕನ್ನು ಮೆಲ್ಲಗೆ ಮಂಚದಡಿಗೆ ತಳ್ಳುತ್ತಿತ್ತು.

“ಮೊದಲು ನೀನು ಟ್ರಂಕು ಖಾಲಿ ಮಾಡು,” ಎಂದ ಅವನು.

“ಮೊದಲು ನೀವು ಗೂಡು ಮುಚ್ಚಿ.”

ಬಾಗಿಲಲ್ಲಿ ನಿಂತಿದ್ದ ಮಗಳು ತೀರ್ಪು ಕೊಟ್ಟಳು. “ಅಪ್ಪ ಒಂದು ಗೂಡು ಮುಚ್ಚಿದ್ರೆ ಅಮ್ಮ ಒಂದು ಸಾಮಾನು ತೆಗೀಬೇಕು. ಜಗಳ ಬೇಡ.”

ಮರುದಿನ ಟ್ರಂಕು ಹೊಳೆದಂಡೆಗೆ ಬಂತು. ಮೊದಲ ಗೂಡು ಮುಚ್ಚಿತು; ಕೋಟು ಮೇಸ್ತ್ರಿಯ ಹೆಗಲೇರಿತು. ಎರಡನೆಯದಕ್ಕೆ ಅವಳ ಬಟ್ಟೆ ಹೊರಬಂತು. ಮೂರನೆಯದಕ್ಕೆ ಫ್ರಾಕು, ಮಗಳು ಅದನ್ನು ತಲೆಗೆ ಟೋಪಿಯಂತೆ ಹಾಕಿಕೊಂಡು ಕುಣಿದಳು. ಉಳಿದದ್ದು ಮೇಣದ ಬತ್ತಿ.

“ಇದಿರಲಿ. ಕರೆಂಟ್ ಹೋದ್ರೆ ಬೇಕಾಗುತ್ತೆ,” ಎಂದಳು.

“ಹಾಗಾದ್ರೆ ಈ ಗೂಡೂ ಇರಲಿ.”

ಇಬ್ಬರೂ ಮುಖ ಮುಖ ನೋಡಿಕೊಂಡು ನಿಂತರು. ಅಷ್ಟರಲ್ಲಿ ಮೇಸ್ತ್ರಿ ಕೂಗಿದ. “ಬಾಂಡ್ಲಿ ತಳ ಕಿತ್ತು ಬಂತು ಸಾರ್! ಗಾರೆ ಯಾವುದರಲ್ಲಿ ಕಲಸೋದು?”

ಅವಳು ಟ್ರಂಕನ್ನು ನೋಡಿದಳು. ಬತ್ತಿಗಳನ್ನು ಮಗಳ ಮಡಿಲಿಗೆ ಸುರಿದು, ಖಾಲಿ ಟ್ರಂಕನ್ನು ಮೇಸ್ತ್ರಿಯತ್ತ ನೂಕಿದಳು. “ಇದರಲ್ಲಿ ಕಲಸಪ್ಪ.”

ಅಷ್ಟು ವರ್ಷ ಒಪ್ಪವಾಗಿಟ್ಟ ತಗಡಿನೊಳಗೆ ಗಾರೆ ದೊಪ್ಪನೆ ಬಿತ್ತು. ಕೆಡವಪ್ಪ ಮೇಸ್ತ್ರಿಯ ಕೈಯಿಂದ ಕರಣೆ ಇಸಿದುಕೊಂಡು ಕೊನೆಯ ಗೂಡಿನ ಕಲ್ಲನ್ನು ತಾನೇ ಕೂರಿಸಿದ.

“ಸಾರ್, ಇನ್ನು ಗಾಳಿ?” ಎಂದ ಮೇಸ್ತ್ರಿ.

“ಹೊಳೆ ಮೇಲೆ ಬೇಕಾದಷ್ಟಿದೆ ಕಣಯ್ಯ.”

ಅದರ ಮರುದಿನ ಉದ್ಘಾಟನೆಯಾಯಿತು. ಮಗಳು ಒಂಟಿಕಾಲಲ್ಲಿ ಕುಪ್ಪಳಿಸುತ್ತ ಸೇತುವೆ ದಾಟಿದಳು. ಹಿಂದೆ ಹೊರಟ ಹೆಂಡತಿ ಪ್ರತಿ ಕಂಬದ ಮೇಲೂ ನಿಂತು, ಹಿಮ್ಮಡಿಯಿಂದ ಜೋರಾಗಿ ಒದ್ದು ನೋಡಿ, ಗಂಡನತ್ತ ತಿರುಗಿ ತಲೆಯಾಡಿಸಿ ಮುಂದೆ ಹೋದಳು.